ಅಸಲಿ ಭಾಗ, ಅಸಲಿ ದೋಷ

ಹಳೆಯ ವಾಹನಗಳ ಪ್ರಪಂಚದಲ್ಲಿ ‘ಒರಿಜಿನಲ್’ ಎಂಬ ಮಾತಿಗಿರುವ ಬೆಲೆ ಇನ್ಯಾವುದಕ್ಕೂ ಇಲ್ಲ. 1950 ಮತ್ತು 60ರ ದಶಕಗಳ ಫೋಕ್ಸ್‌ವ್ಯಾಗನ್ ವ್ಯಾನನ್ನು ಗುಜರಿಯಿಂದ ಎತ್ತಿ ತಂದು ಮತ್ತೆ ರಸ್ತೆಗಿಳಿಸುವ ಯುರೋಪು, ಅಮೆರಿಕಗಳ ಹವ್ಯಾಸಿಗಳು ಒಂದು ಬಾಗಿಲಿಗಾಗಿ, ಒಂದು ಹೆಡ್‌ಲೈಟಿನ ಬಳೆಗಾಗಿ ದೇಶ ದೇಶಗಳನ್ನು ಜಾಲಾಡುತ್ತಾರೆ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು ಎಂಬುದು ಅವರ ವ್ರತ. ಆ ವ್ರತದೊಳಗೆ ಯಾರೂ ಪ್ರಶ್ನಿಸದ ಒಂದು ಊಹೆ ಕುಳಿತಿದೆ. ಕಾರ್ಖಾನೆಯಿಂದ ಬಂದಾಗ ವ್ಯಾನು ನಿರ್ದೋಷಿಯಾಗಿತ್ತು. ತುಕ್ಕು ಆಮೇಲೆ ಹೊರಗಿನಿಂದ ಬಂದು ಅಂಟಿಕೊಂಡ ರೋಗ. ಕೊಳೆತ ತಗಡನ್ನು ಕತ್ತರಿಸಿ ತೆಗೆದು ಅಸಲಿ ಭಾಗ ಕೂರಿಸಿಬಿಟ್ಟರೆ ರೋಗ ವಾಸಿ. ಲೋಹವಿಜ್ಞಾನದ ಸಾಕ್ಷ್ಯ ಇದಕ್ಕೆ ಒಪ್ಪುವುದಿಲ್ಲ. ಆ ವ್ಯಾನಿಗೆ ಎಲ್ಲೆಲ್ಲಿ ತುಕ್ಕು ಹಿಡಿಯಬೇಕು ಎಂಬುದು ಬಹುಮಟ್ಟಿಗೆ ಅದರ ನಕ್ಷೆಯಲ್ಲೇ ಬರೆದಾಗಿತ್ತು. ಅಸಲಿ ಭಾಗವನ್ನು ಅಸಲಿ ವಿಧಾನದಲ್ಲೇ ಕೂರಿಸಿದವರು ಅಸಲಿ ದೋಷವನ್ನೂ ಮರಳಿ ಕೂರಿಸುತ್ತಾರೆ. ಹಾಗಾಗಿ ಬಿಡಿಭಾಗವೊಂದರಲ್ಲಿ ಬೆನ್ನುಹತ್ತಿ ಹುಡುಕಬೇಕಾದದ್ದು ಅದರ ರೂಪವನ್ನು ಮತ್ತು ಅದು ಹೊತ್ತ ಗುರುತುಗಳನ್ನು. ಅದರ ರಸಾಯನವನ್ನು ಬದಲಿಸಲು ಅಂಜಬೇಕಾಗಿಲ್ಲ ಎಂಬುದು ಈ ಅಧ್ಯಾಯದ ವಾದ.

ವಾದಕ್ಕೆ ಆಧಾರ ಆ ವ್ಯಾನಿನ ಹುಟ್ಟಿನಲ್ಲೇ ಇದೆ. ಫೋಕ್ಸ್‌ವ್ಯಾಗನ್ ಕಾರುಗಳನ್ನು ನೆದರ್ಲೆಂಡ್ಸಿಗೆ ಆಮದು ಮಾಡಿಕೊಂಡ ಬೆನ್ ಪಾನ್ 1947ರ ಏಪ್ರಿಲ್ 23ರಂದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಪೆಟ್ಟಿಗೆ ಗೀಚಿದರು: ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಸರಕು. ಬೀಟಲ್ ಕಾರಿನ ತಳದ ಮೇಲೆ ಆ ಪೆಟ್ಟಿಗೆಯನ್ನು ಕೂರಿಸಿದರೆ ಸಾಕೆಂದು ಎಂಜಿನಿಯರುಗಳು ಮೊದಲು ಭಾವಿಸಿದ್ದರು. 1949ರ ಪರೀಕ್ಷಾ ಓಡಾಟದಲ್ಲಿ ಆ ತಳ ಭಾರ ತಾಳಲಿಲ್ಲ. ಆಗ ಅವರು ಬೇರೆ ದಾರಿ ಹಿಡಿದರು. ಉದ್ದಕ್ಕೆ ಎರಡು ಟೊಳ್ಳು ತೊಲೆಗಳು, ಅವುಗಳಿಗೆ ಅಡ್ಡ ತೊಲೆಗಳು, ಇವೆಲ್ಲವನ್ನೂ ಮೈತಗಡಿಗೆ ಬೆಸೆದು ಇಡೀ ವ್ಯಾನೇ ತನ್ನ ಭಾರವನ್ನು ತಾನು ಹೊರುವಂತೆ ಮಾಡಿದರು. 1950ರ ಮಾರ್ಚ್ 8ರಂದು ವುಲ್ಫ್ಸ್‌ಬರ್ಗ್‌ನಲ್ಲಿ ತಯಾರಿಕೆ ಆರಂಭವಾಯಿತು. 1956ರಲ್ಲಿ ಅದು ಹ್ಯಾನೋವರ್‌ಗೆ ಹೋಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಜಾಣ ಪರಿಹಾರವೇ. ಹಗುರ, ಗಟ್ಟಿ, ಅಗ್ಗ. ಆದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡುಗಳನ್ನು ಮಡಚಿ, ಅಂಚಿನ ಮೇಲೆ ಅಂಚು ಇಟ್ಟು, ಅಲ್ಲಲ್ಲಿ ಸ್ಪಾಟ್ ವೆಲ್ಡ್ ಹಾಕಿ ಕಟ್ಟಿದ ಟೊಳ್ಳುಗಳು ಅವು. ಒಂದು ವೆಲ್ಡಿಗೂ ಇನ್ನೊಂದಕ್ಕೂ ನಡುವೆ ಎರಡು ತಗಡುಗಳು ಬರೀ ಮೈ ತಾಗಿಸಿಕೊಂಡಿರುತ್ತವೆ. ಆ ಸಂದಿಗೆ ಬಣ್ಣ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಟೊಳ್ಳಿನ ಒಳಗೋಡೆಗೂ ಅಂದಿನ ಬಣ್ಣದ ವಿಧಾನಗಳು ಸರಿಯಾಗಿ ತಲುಪುತ್ತಿರಲಿಲ್ಲ. ಬಾಗಿಲ ಕೆಳಗಿನ ತೊಲೆ, ಜ್ಯಾಕ್ ಕೊಡುವ ಜಾಗ, ಚಾಲಕನ ಕಾಲಡಿಯ ನೆಲ, ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಚಾವಣಿಯಂಚಿನ ನೀರು ಹರಿಯುವ ಕಾಲುವೆ — ಜಗತ್ತಿನ ಯಾವ ಮೂಲೆಯಲ್ಲಿ ಸಿಕ್ಕ ವ್ಯಾನನ್ನು ನೋಡಿದರೂ ಕೊಳೆತಿರುವುದು ಇವೇ ಜಾಗಗಳಲ್ಲಿ. ತುಕ್ಕು ಬರೀ ಆಕಸ್ಮಿಕವಾಗಿದ್ದರೆ ಒಂದೊಂದು ವ್ಯಾನಿನಲ್ಲಿ ಒಂದೊಂದು ಕಡೆ ಇರಬೇಕಿತ್ತು.

ಏಕೆ ಇದೇ ಜಾಗಗಳು? ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಎಂಬಷ್ಟೇ ಉತ್ತರ ಸಾಲದು. ಹಾಗಿದ್ದರೆ ಮಳೆ ನೇರವಾಗಿ ಬೀಳುವ ಚಾವಣಿಯೇ ಮೊದಲು ಹೋಗಬೇಕಿತ್ತು. ತುಕ್ಕು ವಿದ್ಯುತ್-ರಾಸಾಯನಿಕ ಕ್ರಿಯೆ ಎಂಬ ಸಿದ್ಧಾಂತವನ್ನು ಅಮೆರಿಕದ ವಿಲ್ಲಿಸ್ ವಿಟ್ನಿ 1903ರಲ್ಲಿ ಮಂಡಿಸಿದರು. ಲೋಹದ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗಿಳಿಯುತ್ತವೆ, ಅದು ಆನೋಡ್. ಬಿಟ್ಟ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗಿ ಅಲ್ಲಿ ಆಮ್ಲಜನಕ ಮತ್ತು ನೀರಿನೊಡನೆ ಕೂಡಿ ಕ್ಷಾರವಾಗುತ್ತವೆ, ಅದು ಕ್ಯಾಥೋಡ್. ಎರಡೂ ಒಂದೇ ತಗಡಿನ ಮೇಲಿರುತ್ತವೆ. ಯಾವ ಜಾಗ ಆನೋಡ್ ಆಗುತ್ತದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಕೇಂಬ್ರಿಜ್‌ನ ಯುಲಿಕ್ ಇವಾನ್ಸ್. 1920ರ ದಶಕದ ಅವರ ಪ್ರಯೋಗ ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಉಜ್ಜಿ ಹೊಳಪಿಸಿದ ಉಕ್ಕಿನ ಮೇಲೆ ಒಂದು ಹನಿ ಉಪ್ಪುನೀರು. ಅದರಲ್ಲಿ ಕಬ್ಬಿಣದ ಅಯಾನು ಸಿಕ್ಕಿದರೆ ನೀಲಿಯಾಗುವ ಪೊಟ್ಯಾಸಿಯಮ್ ಫೆರಿಸಯನೈಡ್, ಕ್ಷಾರ ಸಿಕ್ಕಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್. ಸ್ವಲ್ಪ ಹೊತ್ತಿನಲ್ಲೇ ಹನಿಯ ಅಂಚು ಗುಲಾಬಿ, ನಡುಭಾಗ ನೀಲಿ, ಎರಡರ ನಡುವೆ ಕಂದು ಬಣ್ಣದ ತುಕ್ಕಿನ ಉಂಗುರ. ಅಂದರೆ ಗಾಳಿ ಧಾರಾಳವಾಗಿ ಸಿಗುವ ಅಂಚಿನಲ್ಲಿ ಲೋಹ ಸುರಕ್ಷಿತ; ಗಾಳಿ ಸಿಗದ ನಡುವಿನಲ್ಲಿ ಲೋಹ ಕರಗುತ್ತಿದೆ. ತುಕ್ಕಿಗೆ ಆಮ್ಲಜನಕ ಬೇಕು, ನಿಜ. ಆದರೆ ಆಮ್ಲಜನಕವನ್ನು ಉಣ್ಣುವುದು ಒಂದು ಜಾಗ, ಅದರ ಬೆಲೆ ತೆರುವುದು ಇನ್ನೊಂದು ಜಾಗ.

ಈಗ ವ್ಯಾನಿನ ಸಂದಿಗೆ ಬನ್ನಿ. ಎರಡು ತಗಡುಗಳ ನಡುವೆ ಇಳಿದ ತೇವದಲ್ಲಿ ಆಮ್ಲಜನಕ ಬೇಗ ಖಾಲಿಯಾಗುತ್ತದೆ, ಹೊಸದಾಗಿ ಬರಲು ದಾರಿಯಿಲ್ಲ. ಸಂದಿಯ ಬಾಯಿ ಕ್ಯಾಥೋಡ್, ಆಳ ಆನೋಡ್. ಆಳದಲ್ಲಿ ಧನ ವಿದ್ಯುದಂಶದ ಕಬ್ಬಿಣದ ಅಯಾನುಗಳು ಹೆಚ್ಚಿದಂತೆ ಅವುಗಳನ್ನು ಸರಿದೂಗಿಸಲು ರಸ್ತೆಯ ಉಪ್ಪಿನಿಂದ ಬಂದ ಕ್ಲೋರೈಡ್ ಒಳಗೆ ಸೆಳೆಯಲ್ಪಡುತ್ತದೆ, ಅಲ್ಲಿನ ನೀರು ಆಮ್ಲೀಯವಾಗುತ್ತದೆ, ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ. ಇದಕ್ಕೆ ಹೊರಗಿನ ಪ್ರಚೋದನೆ ಬೇಕಿಲ್ಲ. ತನ್ನನ್ನು ತಾನೇ ಬೆಳೆಸಿಕೊಳ್ಳುವ ಕ್ರಿಯೆ. ಮೇಲಿಂದ ತುಕ್ಕು ಬೆಳೆಯಲು ಜಾಗವೂ ಬೇಕು. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ, ತುಕ್ಕಿನ ಮುಖ್ಯ ಖನಿಜಗಳಲ್ಲಿ ಒಂದಾದ ಗೋಥೈಟ್‌ನದು ಸುಮಾರು 4.3. ಆಮ್ಲಜನಕ, ಹೈಡ್ರೋಜನ್ ಸೇರಿ ತೂಕವೂ ಏರುವುದರಿಂದ, ಕರಗಿದ ಕಬ್ಬಿಣ ಆಕ್ರಮಿಸಿಕೊಂಡಿದ್ದ ಜಾಗದ ಸುಮಾರು ಮೂರು ಪಟ್ಟು ಜಾಗವನ್ನು ಅದರ ತುಕ್ಕು ಕೇಳುತ್ತದೆ. ಪದರಗಳು ಸಡಿಲವಾಗಿದ್ದರೆ ಇನ್ನೂ ಹೆಚ್ಚು. ಹಳೆಯ ಗೋಡೆಯ ಬಿರುಕಿನಲ್ಲಿ ಬೇರುಬಿಟ್ಟ ಅಶ್ವತ್ಥದಂತೆ ಅದು ಎರಡು ತಗಡುಗಳನ್ನು ದೂಡಿ ಅಗಲಿಸುತ್ತದೆ, ಸ್ಪಾಟ್ ವೆಲ್ಡುಗಳು ಒಂದೊಂದಾಗಿ ಕಿತ್ತುಹೋಗುತ್ತವೆ, ಅಗಲವಾದ ಸಂದಿಗೆ ಇನ್ನಷ್ಟು ನೀರು. ಹೊರಗಿನ ಬಣ್ಣದ ಮೇಲೆ ಚಿಕ್ಕ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ. ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮಾರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಟ್ಯಾನಿಕ್ ಆಮ್ಲದ ದ್ರಾವಣ ಬಳಿದು ತುಕ್ಕನ್ನು ಕಪ್ಪು ಲೇಪವಾಗಿ ಬದಲಿಸುವ ವಿಧಾನವೂ ತಾನು ಮುಟ್ಟಿದ ಮೇಲ್ಮೈಗಷ್ಟೇ ಪ್ರಯೋಜನ. ಸಂದಿಯ ಆಳದ ಕ್ಲೋರೈಡ್‌ವರೆಗೆ ಅದು ಇಳಿಯುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ದೋಷ ನಕ್ಷೆಯಲ್ಲೇ ಇದ್ದರೆ ಅರಿಜೋನಾ, ಕ್ಯಾಲಿಫೋರ್ನಿಯಾದ ಒಣನಾಡುಗಳಲ್ಲಿ ಅರವತ್ತು ವರ್ಷ ಬಯಲಲ್ಲಿ ನಿಂತ ಅದೇ ವ್ಯಾನುಗಳು ಗಟ್ಟಿಮುಟ್ಟಾಗಿ ಉಳಿದದ್ದು ಹೇಗೆ? ತುಕ್ಕಿಲ್ಲದ ಬಾಗಿಲು, ತೊಲೆ, ನೆಲದ ತಗಡುಗಳಿಗಾಗಿ ಇಂಗ್ಲೆಂಡಿನವರೂ ಜರ್ಮನರೂ ಅಲ್ಲಿಗೇ ಮುಗಿಬೀಳುವುದು ಅದಕ್ಕಾಗಿಯೇ ತಾನೆ? ನಿಜ. ಬ್ರಿಟನ್ನಿನ ಡಬ್ಲ್ಯು. ಎಚ್. ಜೆ. ವರ್ನನ್ ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ನಡೆಸಿದ ಪ್ರಯೋಗಗಳು ಇದಕ್ಕೆ ವಿವರಣೆ ಕೊಡುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟುವವರೆಗೆ ಉಕ್ಕಿಗೆ ಅಷ್ಟೇನೂ ಆಗುವುದಿಲ್ಲ. ದಾಟಿದೊಡನೆ, ಅದರಲ್ಲೂ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ, ತುಕ್ಕಿನ ವೇಗ ನೆಗೆಯುತ್ತದೆ. ಮರುಭೂಮಿಯಲ್ಲಿ ಆ ಗೆರೆ ದಾಟುವುದೇ ಅಪರೂಪ. ಆದರೆ ಇದು ವಾದವನ್ನು ಕೆಡಿಸುವುದಿಲ್ಲ, ಬಿಗಿಗೊಳಿಸುತ್ತದೆ. ಮರುಭೂಮಿ ಆ ದೋಷವನ್ನು ಅಳಿಸಿಲ್ಲ, ನಿದ್ದೆಯಲ್ಲಿ ಇಟ್ಟಿತ್ತು ಅಷ್ಟೆ. ಅಲ್ಲಿಂದ ಹಡಗಿನಲ್ಲಿ ತಂದ ಬಾಗಿಲಿನ ಕೆಳಮಡಿಕೆಯಲ್ಲಿ ಬಣ್ಣ ಮುಟ್ಟದ ಬರಿ ತಗಡೇ ಇರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ನಾಡಿಗೆ ಅದು ಬಂದ ದಿನವೇ ಗಡಿಯಾರ ಓಡತೊಡಗುತ್ತದೆ. ಕೆಲವು ಉಪ್ಪುಗಳು ಬೇರೆ ವರ್ನನ್ ಹೇಳಿದ ಗೆರೆಯನ್ನೇ ಕೆಳಗಿಳಿಸುತ್ತವೆ. ಅಡುಗೆ ಉಪ್ಪು ಶೇ. 75ರ ಆರ್ದ್ರತೆಯಲ್ಲಿ ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಆದರೆ ಮಂಜು ಕರಗಿಸಲು ಬಳಸುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇ. 33 ಸಾಕು. ಒಣಗಿದಂತೆ ಕಾಣುವ ತಗಡು ಒಳಗೊಳಗೇ ಒದ್ದೆಯಾಗಿರುತ್ತದೆ.

ಎರಡನೆಯ ಆಕ್ಷೇಪ ಗ್ಯಾರೇಜುಗಳಲ್ಲಿ ಹೆಚ್ಚು ಕೇಳಿಬರುವಂಥದು: ಹಿಂದಿನ ಕಬ್ಬಿಣವೇ ಬೇರೆ, ಈಗಿನ ತಗಡು ಕಾಗದದಂತೆ. ಇದರಲ್ಲಿ ಅರ್ಧ ಸತ್ಯವಿದೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಕೆಲವು ಮರುತಯಾರಿ ತಗಡುಗಳು ಅಸಲಿಗಿಂತ ತೆಳುವಾಗಿವೆ, ಅಚ್ಚಿನ ಗೆರೆಗಳು ಮೊಂಡಾಗಿವೆ, ಕೂರಿಸುವಾಗ ಕಾಡಿಸುತ್ತವೆ. ದಪ್ಪ ಹೆಚ್ಚಿದ್ದರೆ ತೂತು ಬೀಳಲು ಹೆಚ್ಚು ಕಾಲ ಬೇಕು ಎಂಬುದು ಬರೀ ಗಣಿತ. ಆದರೆ ಹಳೆಯ ಉಕ್ಕಿಗೆ ತುಕ್ಕೇ ಹಿಡಿಯದ ಗುಣವಿತ್ತೆಂದು ಹೇಳುವವರು ದಿಲ್ಲಿಯ ಕಬ್ಬಿಣದ ಕಂಬವನ್ನು ಸಾಕ್ಷಿಗೆ ಕರೆಯುತ್ತಾರೆ. ನಮ್ಮವರಾದರೆ ಮಲೆನಾಡಿನ ಮಳೆಯಲ್ಲಿ ನಿಂತ ಕೊಡಚಾದ್ರಿಯ ಕಂಬವನ್ನೂ ಸೇರಿಸಿಯಾರು. ದಿಲ್ಲಿಯ ಕಂಬ ಸುಮಾರು 1600 ವರ್ಷಗಳಿಂದ ಉಳಿದದ್ದಕ್ಕೆ ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ತಮ್ಮ ಸಂಶೋಧನೆಗಳಲ್ಲಿ ಕೊಟ್ಟ ಮುಖ್ಯ ಕಾರಣ ಅದರಲ್ಲಿರುವ ರಂಜಕ. ಇದ್ದಿಲಿನ ಕುಲುಮೆಯಲ್ಲಿ ಸುಣ್ಣಕಲ್ಲು ಹಾಕದೆ ಕಬ್ಬಿಣ ತೆಗೆದಾಗ ರಂಜಕ ಅದರಲ್ಲೇ ಉಳಿಯುತ್ತದೆ. ತೇವ ಮತ್ತು ಒಣ ಹವೆ ಒಂದಾದ ಮೇಲೊಂದು ಬರುತ್ತಿದ್ದರೆ ಅದು ಮೇಲ್ಮೈಯಲ್ಲಿ ಕಾಪಾಡುವ ಪದರ ಕಟ್ಟುತ್ತದೆ. ವಾಹನದ ತಗಡಿಗೆ ಇದೇ ರಂಜಕ ಶತ್ರು. ಅದು ಹೆಚ್ಚಾದರೆ ಉಕ್ಕು ಪೆಡಸಾಗುತ್ತದೆ, ಅಚ್ಚಿನಲ್ಲಿ ಆಳಕ್ಕೆ ಒತ್ತಿದಾಗ ಸೀಳುತ್ತದೆ. ವ್ಯಾನಿನ ಆ ದುಂಡು ಮೂತಿಯನ್ನು ಒತ್ತಲು ಬೇಕಾದದ್ದು ಮೆದುವಾದ, ಇಂಗಾಲವೂ ರಂಜಕವೂ ಕಡಿಮೆಯಿರುವ ಉಕ್ಕು. ಎಂದರೆ ಹಳೆಯ ವ್ಯಾನಿನ ತಗಡಿಗೂ ಹಳೆಯ ಕಂಬಕ್ಕೂ ವಯಸ್ಸಿನ ಮಾತು ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ.

ಹಾಗಾದರೆ ಅಸಲಿ ಭಾಗದ ಬೇಟೆಯೇ ವ್ಯರ್ಥವೆ? ಖಂಡಿತ ಅಲ್ಲ, ಆದರೆ ಏಕೆ ಬೇಟೆಯಾಡುತ್ತೇವೆ ಎಂಬುದು ತಿಳಿದಿರಬೇಕು. ಅಸಲಿ ಭಾಗ ಒಂದು ದಾಖಲೆ. ಫೋಕ್ಸ್‌ವ್ಯಾಗನ್ನಿನ ಬಿಡಿಭಾಗದ ಸಂಖ್ಯೆಯನ್ನೇ ನೋಡಿ. ಮೊದಲ ಮೂರು ಅಂಕಿಗಳು ಆ ಭಾಗ ಯಾವ ವಾಹನಕ್ಕಾಗಿ ಹುಟ್ಟಿತೆಂದು ಹೇಳುತ್ತವೆ: 211 ಎಂದಿದ್ದರೆ ವ್ಯಾನಿಗೆ, 111 ಅಥವಾ 113 ಎಂದಿದ್ದರೆ ಬೀಟಲ್‌ಗೆ. ನಂತರದ ಅಂಕಿ ಗುಂಪು: 1 ಎಂಜಿನ್, 3 ಗೇರ್‌ಬಾಕ್ಸ್, 6 ಚಕ್ರ ಮತ್ತು ಬ್ರೇಕ್, 8 ಮೈತಗಡು, 9 ವಿದ್ಯುತ್ ಭಾಗಗಳು. ಕೊನೆಯ ಅಕ್ಷರ ಬದಲಾದರೆ ಭಾಗವನ್ನು ತಿದ್ದಿದ್ದಾರೆ ಎಂದರ್ಥ. ಸ್ಪೀಡೋಮೀಟರಿನ ಮುಖದ ಮೇಲೆ ತಯಾರಾದ ತಿಂಗಳು, ವರ್ಷ. ಗಾಜಿನ ಮೂಲೆಯಲ್ಲಿ ಕಂಪನಿಯ ಗುರುತು. ವ್ಯಾನಿನ ಒಳಗಿರುವ ಸಣ್ಣ ಲೋಹದ ಫಲಕದಲ್ಲಿ ಅದರ ಬಣ್ಣ, ಕಾರ್ಖಾನೆ ಬಿಟ್ಟ ದಿನ, ಹೋಗಬೇಕಿದ್ದ ಊರು, ಕೊಂಡವರು ಕೇಳಿ ಹಾಕಿಸಿಕೊಂಡ ಸೌಲಭ್ಯಗಳು ಸಂಕೇತಗಳಲ್ಲಿ ಅಚ್ಚಾಗಿರುತ್ತವೆ. ವುಲ್ಫ್ಸ್‌ಬರ್ಗ್‌ನ ವಾಹನ ಸಂಗ್ರಹಾಲಯ ಹಳೆಯ ಕಡತ ನೋಡಿ ಜನನ ಪ್ರಮಾಣಪತ್ರವನ್ನೇ ಕೊಡುತ್ತದೆ. ಈ ಮಾಹಿತಿ ಏಕೆ ಮುಖ್ಯವೆಂದರೆ ವ್ಯಾನು ವರ್ಷ ವರ್ಷಕ್ಕೂ ಬದಲಾಗುತ್ತಿತ್ತು. 1955ರ ಮಾರ್ಚ್‌ಗಿಂತ ಹಿಂದಿನದಕ್ಕೆ ಎಂಜಿನ್ ಮುಚ್ಚಳ ಕೊಟ್ಟಿಗೆಯ ಬಾಗಿಲಿನಷ್ಟು ದೊಡ್ಡದು, ಆಮೇಲಿನದು ಚಿಕ್ಕದು. ಮುಂದಿನ ಗಾಜು ಎರಡು ಹೋಳಾಗಿರುವ, ‘ಸೀಳು ಗಾಜಿನ’ ವ್ಯಾನಿನ ಕೊನೆಯ ಮಾದರಿಯಾದ 1967ರದರಲ್ಲಿ 6 ವೋಲ್ಟ್ ಹೋಗಿ 12 ವೋಲ್ಟ್ ಬಂತು, ಹಾಗಾಗಿ ಆ ಒಂದೇ ವರ್ಷಕ್ಕೆ ಮಾತ್ರ ಹೊಂದುವ ಭಾಗಗಳಿವೆ. ಅದರ ನಂತರದ ತಲೆಮಾರಿನ 1972ರ ಮಾದರಿಯಲ್ಲಿ ಹಿಂದಿನ ದೀಪಗಳು ಹೊಸ ದೊಡ್ಡ ಬಗೆಯವು, ಮುಂದಿನ ಇಂಡಿಕೇಟರುಗಳು ಮಾತ್ರ ಹಳೆಯ ರೀತಿಯಲ್ಲಿ ಕೆಳಗೇ ಇವೆ. ತಿಳಿಯದವರು ಇದನ್ನು ಯಾರೋ ಬೆರಕೆ ಮಾಡಿದ್ದಾರೆಂದು ‘ಸರಿಪಡಿಸಿ’ ಇತಿಹಾಸವನ್ನೇ ಅಳಿಸಿಬಿಡುತ್ತಾರೆ. ಬ್ರೆಜಿಲ್‌ನಲ್ಲಿ ಸೀಳು ಗಾಜಿನ ರೂಪ 1975ರವರೆಗೂ, ನಂತರದ ರೂಪ 2013ರ ಕೊನೆಯವರೆಗೂ ತಯಾರಾದದ್ದರಿಂದ ಬಿಡಿಭಾಗದ ಬೇಟೆಗಾರರ ಕಣ್ಣು ಅತ್ತ ಹೊರಳುವುದು ಸಹಜ. ಆದರೆ ಅಲ್ಲಿನ ವ್ಯಾನು ಜರ್ಮನಿಯದರ ದಾಯಾದಿ, ಅವಳಿಯಲ್ಲ. ಸಂಖ್ಯೆ ತಾಳೆ ನೋಡದೆ ಕೊಂಡರೆ ಹಣ ಹೋಯಿತು.

ಗುರುತು ಹೊತ್ತ ಭಾಗಕ್ಕೂ ಬರೀ ಹಳತಾದ ಭಾಗಕ್ಕೂ ಇರುವ ವ್ಯತ್ಯಾಸ ರಬ್ಬರಿನ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. ಐವತ್ತು ವರ್ಷ ಗೋದಾಮಿನಲ್ಲಿದ್ದು ಒಮ್ಮೆಯೂ ಬಳಕೆಯಾಗದ, ಕಂಪನಿಯ ಪೊಟ್ಟಣದಲ್ಲೇ ಇರುವ ಕಿಟಕಿಯ ರಬ್ಬರ್ ಬೀಡಿಂಗ್ ಸಿಕ್ಕಿದರೆ ಬೇಟೆಗಾರನಿಗೆ ಹಬ್ಬ. ರಸಾಯನವಿಜ್ಞಾನಿಗೆ ಅದು ಆಗಲೇ ಸತ್ತ ವಸ್ತು. ನೈಸರ್ಗಿಕ ರಬ್ಬರಿನ ಉದ್ದ ಸರಪಳಿಗಳಲ್ಲಿ ಇಂಗಾಲದ ಜೋಡಿ ಬಂಧಗಳಿರುತ್ತವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಅವುಗಳನ್ನೇ ಕಡಿಯುತ್ತದೆ, ಆಮ್ಲಜನಕ ಸರಪಳಿಗಳ ನಡುವೆ ಹೊಸ ಕೊಂಡಿಗಳನ್ನು ಹಾಕಿ ಗಡುಸಾಗಿಸುತ್ತದೆ. ಬಳಸದೆ ಇಟ್ಟರೂ ಇದು ನಿಲ್ಲದು. ಗಾಜಿಗೆ ಕೂರಿಸಿದ ಅಂಥ ಬೀಡಿಂಗ್ ಮೂಲೆಯಲ್ಲಿ ಸೀಳುತ್ತದೆ, ನೀರು ಕಿಟಕಿಯ ಕೆಳಗಿನ ಸಂದಿಗೆ ಇಳಿಯುತ್ತದೆ, ಮುಂದಿನ ಕಥೆ ಇವಾನ್ಸ್‌ರ ಹನಿ ಹೇಳಿದ್ದೇ. ಬ್ರೇಕಿನ ಹೋಸ್ ಮತ್ತು ವಾಷರುಗಳ ವಿಷಯದಲ್ಲಂತೂ ಹಳೆಯ ಸರಕು ಪ್ರಾಣಕ್ಕೇ ಸಂಚಕಾರ. ಮುಖ್ಯ ಸರಪಳಿಯಲ್ಲಿ ಜೋಡಿ ಬಂಧವಿಲ್ಲದ ಇಪಿಡಿಎಂ ರಬ್ಬರನ್ನು ಅದೇ ಆಕಾರದಲ್ಲಿ ಎರಕ ಹೊಯ್ದ ಹೊಸ ಬೀಡಿಂಗ್ ಅಸಲಿಯಲ್ಲ. ಆದರೆ ಕಿಟಕಿಯ ಕೆಲಸಕ್ಕೆ ಅಸಲಿಗಿಂತ ಮೇಲು.

ಮೂರನೆಯ ಆಕ್ಷೇಪವೇ ನಿಜವಾಗಿ ತೂಕವುಳ್ಳದ್ದು. ತುಕ್ಕು ತಡೆಯಲೆಂದು ಇಂದಿನ ಸತು, ಇಂದಿನ ಮೇಣ, ಇಂದಿನ ರಬ್ಬರ್ ಸೇರಿಸುತ್ತ ಹೋದರೆ 1963ರ ವ್ಯಾನು 1963ರದಾಗಿ ಉಳಿಯುತ್ತದೆಯೆ? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಈ ಪ್ರಶ್ನೆಗೆಂದೇ ಟ್ಯೂರಿನ್ ಸನ್ನದನ್ನು ಅಂಗೀಕರಿಸಿದೆ. ಕಟ್ಟಡಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಅದಕ್ಕೆ ಮಾದರಿ. ಮಾಡಿದ ಬದಲಾವಣೆ ಕಣ್ಣಿಗೆ ರಾಚಬಾರದು, ಸಾಧ್ಯವಾದಷ್ಟು ಮತ್ತೆ ತೆಗೆಯುವಂತಿರಬೇಕು, ಬದಲಿಸಿದ ಭಾಗಕ್ಕೆ ಗುರುತು ಹಾಕಬೇಕು, ಎಲ್ಲವನ್ನೂ ಬರೆದಿಡಬೇಕು ಎಂಬುದು ಟ್ಯೂರಿನ್ ಸನ್ನದಿನ ಸಾರ. ತೊಲೆಯೊಳಗೆ ಸಿಂಪಡಿಸಿದ ಮೇಣ ಈ ಷರತ್ತುಗಳಲ್ಲಿ ಬಹುತೇಕ ಎಲ್ಲವನ್ನೂ ಪೂರೈಸುತ್ತದೆ. ಇನ್ನೂ ಕಠಿಣವಾದ ಉದಾಹರಣೆ ಬೇಕೆಂದರೆ ಸಂಗ್ರಹಾಲಯಗಳತ್ತ ನೋಡಬಹುದು. ಅಮೆರಿಕದ ಅಂತರ್ಯುದ್ಧ ಕಾಲದ ಜಲಾಂತರ್ಗಾಮಿ ಹನ್ಲಿ 1864ರಲ್ಲಿ ಮುಳುಗಿ 2000ದಲ್ಲಿ ಮೇಲೆ ಬಂತು. ಅದರ ಕಬ್ಬಿಣದೊಳಗೆ ಹೊಕ್ಕ ಕ್ಲೋರೈಡನ್ನು ಹೊರಗೆಳೆಯಲು ಸಂರಕ್ಷಕರು 2014ರಿಂದ ಅದನ್ನು ಸೋಡಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿಟ್ಟರು. ಲೋಹದೊಳಗಿನ ರಸಾಯನವನ್ನು ಉದ್ದೇಶಪೂರ್ವಕವಾಗಿ ಬದಲಿಸಿದ್ದಕ್ಕೆ ಅದು ನಕಲಿಯಾಯಿತೆಂದು ಯಾರೂ ಹೇಳಲಿಲ್ಲ. ಬದಲಿಸದಿದ್ದರೆ ಉಳಿಯುತ್ತಿದ್ದದ್ದು ಪುಡಿ. ಇದಕ್ಕೊಂದು ಮಿತಿಯೂ ಇದೆಯೆನ್ನಿ: ಮೂಲ ಬಣ್ಣದ ಕೆಳಗಿನ ತಗಡನ್ನೆಲ್ಲ ಕಿತ್ತು ಹೊಸ ತಗಡು ಹಾಕಿ, ಒಂದು ಸಂಖ್ಯಾಫಲಕವನ್ನಷ್ಟೇ ಉಳಿಸಿಕೊಂಡು ‘ಅಸಲಿ’ ಎಂದು ಹರಾಜಿಗಿಡುವುದನ್ನು ಯಾವ ಸನ್ನದೂ ಒಪ್ಪದು. ಒಳ್ಳೆಯ ಸ್ಥಿತಿಯ ವ್ಯಾನುಗಳು ಒಂದು ಲಕ್ಷ ಡಾಲರ್ ದಾಟಿ ಮಾರಾಟವಾಗಿರುವ ಮಾರುಕಟ್ಟೆಯಲ್ಲಿ ಆ ಆಸೆ ಬಲವಾದದ್ದೇ.

ಕೆಲಸದ ಕ್ರಮವೂ ಈ ವಾದದಿಂದಲೇ ಹುಟ್ಟುತ್ತದೆ. ಒಣನಾಡಿನಿಂದ ತಂದ ತೊಲೆಯಾಗಲಿ, ಹೊಸದಾಗಿ ಒತ್ತಿದ ತಗಡಾಗಲಿ, ಬೆಸೆಯುವ ಮುನ್ನ ಒಂದರ ಮೇಲೊಂದು ಕೂರುವ ಅಂಚುಗಳಿಗೆ ಸತುವಿನ ಪ್ರೈಮರ್ ಬಳಿಯಬೇಕು. ಸತುವಿನ ವಿದ್ಯುದ್ವಿಭವ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44, ಎರಡೂ ಒದ್ದೆಯಾದಾಗ ಸತು ತಾನು ಆನೋಡ್ ಆಗಿ ಕರಗಿ ಕಬ್ಬಿಣವನ್ನು ಕ್ಯಾಥೋಡ್ ಆಗಿ ಉಳಿಸುತ್ತದೆ. ರಸಾಯನವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ತಳಕ್ಕೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ತೋರಿಸಿದ್ದು ಇದೇ ತತ್ತ್ವ. ಇಡೀ ಮೈಯನ್ನು ಕರಗಿದ ಸತುವಿನಲ್ಲಿ ಅದ್ದಿಬಿಡೋಣ ಎಂದರೆ ಸುಮಾರು 450 ಡಿಗ್ರಿ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ವೆಲ್ಡಿಂಗ್ ಮಾಡುವಾಗ ಬೆಸುಗೆಯ ಸಾಲಿನ ಸತು ಹೇಗೂ ಆವಿಯಾಗುತ್ತದೆ, ಏಕೆಂದರೆ ಅದು 907 ಡಿಗ್ರಿಗೇ ಕುದಿಯುತ್ತದೆ. ಅದರ ಹೊಗೆ ಉಸಿರಾಡಿದರೆ ಜ್ವರವೂ ಬರುತ್ತದೆ. ಸತು ಹೀಗೆ ಹೋಗುವುದರಿಂದ ಬೆಸುಗೆಯ ಹಿಂಬದಿ, ಅಂದರೆ ಟೊಳ್ಳಿನ ಒಳಗೋಡೆ, ಮತ್ತೆ ಬರಿ ಮೈಯಾಗಿಯೇ ಉಳಿಯುತ್ತದೆ. ಅಚ್ಚುಕಟ್ಟಾದ ವೆಲ್ಡಿಂಗ್ ಮಾಡಿ ಹೊರಗೆ ಕನ್ನಡಿಯಂಥ ಬಣ್ಣ ಹೊಡೆದ ವ್ಯಾನುಗಳು ಕೆಲವೇ ವರ್ಷಗಳಲ್ಲಿ ಅದೇ ಸಾಲಿನಲ್ಲಿ ಗುಳ್ಳೆಯೇಳುವುದು ಇದರಿಂದಲೇ. ವಿದ್ಯುತ್ ಹಾಯಿಸಿ ಬಣ್ಣದ ತೊಟ್ಟಿಯಲ್ಲಿ ಅದ್ದುವ ವಿಧಾನ ಒಳಗೋಡೆಯನ್ನು ಸಾಕಷ್ಟು ತಲುಪುತ್ತದೆ, ಆದರೂ ತೀರಾ ಆಳದ ಮೂಲೆಗಳಿಗೆ ವಿದ್ಯುತ್ ಕ್ಷೇತ್ರ ಹೋಗುವುದಿಲ್ಲ. ಕೊನೆಗೆ ಉಳಿಯುವುದು ಉದ್ದನೆಯ ತೆಳು ಕೊಳವೆಯಿಂದ ಟೊಳ್ಳಿನೊಳಗೆ ಮೇಣ ಸಿಂಪಡಿಸುವುದು, ಮತ್ತು ಕಾರ್ಖಾನೆಯೇ ಬಿಟ್ಟಿದ್ದ ನೀರಿಳಿಯುವ ತೂತುಗಳನ್ನು ಪುಟ್ಟಿಯಿಂದಲೋ ಬಣ್ಣದಿಂದಲೋ ಮುಚ್ಚಿಬಿಡದಿರುವುದು.

ಇನ್ನು, ಯಾರೂ ಬೆಸುಗೆ ಹಾಕದ, ಮೂಲ ಬಣ್ಣ ಮಾಸಿದರೂ ಉಳಿದಿರುವ ವ್ಯಾನು ಅಪರೂಪಕ್ಕೆ ಸಿಕ್ಕಾಗ ಇದೇ ವಾದ ಬೇರೆ ತೀರ್ಪು ಕೊಡುತ್ತದೆ. ಅಲ್ಲಿ ಬಣ್ಣವೇ ಅತಿ ದೊಡ್ಡ ದಾಖಲೆ. ಅದನ್ನು ಉಜ್ಜಿ ತೆಗೆದರೆ ಯಾವ ಗುಜರಿಯಲ್ಲೂ ಮತ್ತೆ ಸಿಗುವುದಿಲ್ಲ. ಅಂಥ ವ್ಯಾನಿನ ಹೊರಮೈ ಮುಟ್ಟದೆ, ಸಂದಿಗಳ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಟೊಳ್ಳುಗಳಿಗೆ ಮೇಣ ತುಂಬಿ, ಆರ್ದ್ರತೆ ಶೇ. 50ರ ಕೆಳಗಿರುವ ಕೊಠಡಿಯಲ್ಲಿ ನಿಲ್ಲಿಸಬೇಕು. ಮೇಣ ಕೆಲವು ವರ್ಷಗಳಲ್ಲಿ ಒಣಗಿ ಬಿರುಕು ಬಿಡುವುದರಿಂದ ಆ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಲೇ ಇರಬೇಕಾಗುತ್ತದೆ.